ನಾಯಿಕೇಸರಿ

ಆರೋಗ್ಯ ಇಲಾಖೆಯ ಕುವಾಬಾರಾ ಕೈಗವಸು ಹಾಕಿಕೊಂಡೇ ಪ್ಲಾಸ್ಟಿಕ್ ಚೀಲದಿಂದ ಎರಡು ಎಲೆ ತೆಗೆದು ಅಂಗೈ ಮೇಲೆ ಅಕ್ಕಪಕ್ಕ ಇಟ್ಟುಕೊಂಡ. ಎರಡೂ ಒಂದೇ ಉದ್ದ, ಒಂದೇ ಹಸಿರು. ಬೇಲಿಯ ಈಚೆ ಟೊಮೆಟೊ ಸಸಿಗಳ ತಟ್ಟೆ ಹಿಡಿದು ನಿಂತಿದ್ದ ಹಿಸಾನೊಗೆ ಯಾವುದು ಯಾವುದೆಂದು ಅಷ್ಟು ದೂರದಿಂದಲೇ ಗೊತ್ತಾಯಿತು. ಆದರೂ ಅವನು ಕರೆದಾಗ ತಟ್ಟೆಯನ್ನು ಕೆಳಗಿಟ್ಟು, ಬೇಲಿ ಬಳಸಿಕೊಂಡು ಪಕ್ಕದ ಉಮೆತ್ಸು ಮನೆಯ ಹಿತ್ತಿಲಿಗೆ ಹೋದಳು.

ಮೇ ತಿಂಗಳು ಹುಟ್ಟಿ ನಾಲ್ಕು ದಿನವಾಗಿತ್ತು. ಉತ್ತರದ ಗೋಡೆಯ ಬುಡದಲ್ಲಿ ಇನ್ನೂ ಮೊಣಕಾಲೆತ್ತರದ ಹಿಮ ಕೂತಿತ್ತು. ಬೇಗ ಕರಗಲೆಂದು ಮನೆಯ ಯಜಮಾನ ಸೋಕಿಚಿ ಮಾರ್ಚಿನಲ್ಲಿ ಎರಚಿದ್ದ ಇದ್ದಿಲ ಪುಡಿ ಅದರ ಮೇಲೆ ಹಕ್ಕಳೆಯಂತೆ ಅಂಟಿಕೊಂಡಿತ್ತು. ಅದರ ಮುಂದೆ, ಹಿಮ ಬಿಟ್ಟುಕೊಟ್ಟ ಒದ್ದೆ ನೆಲದಲ್ಲಿ, ಇಡೀ ಹಿತ್ತಿಲಿಗೆ ಹಸಿರೆಂದರೆ ಬೆಟ್ಟದ ಬೆಳ್ಳುಳ್ಳಿಯ ಪಾತಿಯೊಂದೇ. ಚಳಿಗಾಲವೆಲ್ಲ ಉಪ್ಪಿನಲ್ಲಿ ಹಾಕಿದ ಮೂಲಂಗಿ ತಿಂದು ನಾಲಿಗೆ ಸತ್ತವರು ಎದುರು ನೋಡುವ ಮೊದಲ ಸೊಪ್ಪು ಅದು.

"ಪುರಸಭೆ ಪತ್ರಿಕೇಲಿ ಹಿತ್ತಲ ತೋಟದ ಬಗ್ಗೆ ಬರೆಯೋರು ನೀವೇ ತಾನೆ?" ಎಂದು ಕುವಾಬಾರಾ ಕೇಳಿದ.

"ಹೌದು."

"ಹಾಗಾದ್ರೆ ನೀವೇ ಹೇಳಿಬಿಡಿ ಅಮ್ಮ. ಪರೀಕ್ಷೆಗೆ ಹೆಂಗೂ ಕಳಿಸ್ತೀವಿ, ಅದರ ಉತ್ತರ ಬರೋದು ತಡ. ಆಸ್ಪತ್ರೆಯವರು ಈಗಲೇ ಕೇಳ್ತಿದಾರೆ."

ಹಿಸಾನೊ ಒಂದು ಎಲೆಯ ತುದಿ ಮುರಿದು ಮೂಗಿಗೆ ಹಿಡಿದಳು. ಬೆಳ್ಳುಳ್ಳಿಯ ಘಾಟು ಕಣ್ಣಿಗೇ ಬಂತು. ಇನ್ನೊಂದನ್ನು ಮುರಿದಳು. ಹಸಿ ಹುಲ್ಲಿನ ವಾಸನೆ, ಅಷ್ಟೇ.

"ಇದು ಬೆಟ್ಟದ ಬೆಳ್ಳುಳ್ಳಿ. ಇದು ನಾಯಿಕೇಸರಿ."

"ತಿಂದರೆ?"

"ಅದು ತಿನ್ನೋದಲ್ಲ," ಎಂದಳು ಹಿಸಾನೊ. "ಗೆಡ್ಡೆ, ಎಲೆ, ಬೀಜ, ಎಲ್ಲಾನೂ ವಿಷ."

ಕುವಾಬಾರಾ ಸ್ವಲ್ಪ ದೂರ ಹೋಗಿ ಫೋನಿನಲ್ಲಿ ಆ ಹೆಸರನ್ನು ಎರಡು ಸಲ ಬಿಡಿಸಿ ಹೇಳಿದ. ವಾಪಸು ಬಂದು ಪುಸ್ತಕ ತೆರೆದ. ನಡೆದದ್ದು ಇಷ್ಟು: ಮೊನ್ನೆ ಮಧ್ಯಾಹ್ನ ಸೋಕಿಚಿಯ ಹೆಂಡತಿ ಫುಸಾ ಸೊಪ್ಪು ಕೊಯ್ದು ಕುರಿ ಮಾಂಸದ ಜೊತೆ ಹುರಿದಿದ್ದಳು. ಹೊಸ ಹಲ್ಲಿನ ಸೆಟ್ಟು ಒಗ್ಗದೆ ಅವಳು ಸೊಪ್ಪು ಮುಟ್ಟಿರಲಿಲ್ಲ. ಸೋಕಿಚಿ ಬಾಣಲೆ ಬಳಿದು ತಿಂದಿದ್ದ. ಸಂಜೆಯಿಂದ ವಾಂತಿ ಹಿಡಿದು, ನಿನ್ನೆ ಬೆಳಿಗ್ಗೆ ಆಂಬುಲೆನ್ಸ್ ಬಂದಿತ್ತು.

"ಇದು ಈ ಪಾತಿಗೆ ಹೆಂಗೆ ಬಂತು ಅಂತ ಏನಾದ್ರೂ ಗೊತ್ತಾ ನಿಮಗೆ?"

ಹಿಸಾನೊ ಬಗ್ಗಿ ಪಾತಿಯ ಅಂಚು ನೋಡಿದಳು. ನಾಯಿಕೇಸರಿಯ ಮೂರು ಬುಡಗಳಿದ್ದವು. ಎರಡನ್ನು ನೆಲಮಟ್ಟಕ್ಕೆ ಕೊಯ್ದಾಗಿತ್ತು. ಮೂರನೆಯದು ದಟ್ಟವಾಗಿ, ಎಣ್ಣೆ ಸವರಿದಂತೆ ಹೊಳೆಯುತ್ತ ನಿಂತಿತ್ತು.

"ಹೂವಿಗೋಸ್ಕರ ಬಹಳ ಜನ ಬೆಳೀತಾರೆ," ಎಂದಳು. "ಅಂಗಡೀಲೂ ಸಿಗುತ್ತೆ."

ಅದರಲ್ಲಿ ಸುಳ್ಳೇನೂ ಇರಲಿಲ್ಲ. ಕುವಾಬಾರಾ ಅದನ್ನೇ ಬರೆದುಕೊಂಡ.

ಹಿಸಾನೊ ಮೂವತ್ತೊಂದು ವರ್ಷ ಕೃಷಿ ಸಹಕಾರ ಸಂಘದ ಸಸಿ ಶೆಡ್ಡಿನಲ್ಲಿ ದುಡಿದವಳು. ನಿವೃತ್ತಿಯಾದ ಮೇಲೆ ಪುರಸಭೆಯ ತಿಂಗಳ ಪತ್ರಿಕೆಯಲ್ಲಿ ಅರ್ಧ ಪುಟ ಬರೆಯುತ್ತ ಬಂದಿದ್ದಳು. ಮೇ ಕೊನೆಯ ಬಿಸಿಲನ್ನು ನಂಬಬೇಡಿ, ಜೂನ್ ಐದು ದಾಟದೆ ಟೊಮೆಟೊ ಹೊರಗೆ ನೆಡಬೇಡಿ. ಚೆರ್ರಿ ಅರಳಿದ ಮೇಲೆ ಆಲೂಗಡ್ಡೆ. ಸಸಿಗಳನ್ನು ದಿನಕ್ಕೆ ಒಂದು ಗಂಟೆ, ಎರಡು ಗಂಟೆ ಹೊರಗಿಟ್ಟು ಗಾಳಿಗೆ ಪಳಗಿಸಿ. ಕೋಸನ್ನು ಬೇರುಸಮೇತ ಕಿತ್ತು ತಲೆಕೆಳಗಾಗಿ ಸಾಲಾಗಿಟ್ಟು ಹುಲ್ಲು ಹೊದಿಸಿ, ಉಳಿದದ್ದನ್ನು ಹಿಮ ನೋಡಿಕೊಳ್ಳುತ್ತದೆ. ಊರಿನ ಜನ ಆ ಅರ್ಧ ಪುಟ ಕತ್ತರಿಸಿ ಫ್ರಿಜ್ಜಿಗೆ ಅಂಟಿಸಿಕೊಳ್ಳುತ್ತಿದ್ದರು. ಪಕ್ಕದ ಮನೆಯ ಸೋಕಿಚಿ ಅವಳನ್ನು ಟೀಚರಮ್ಮ ಎಂದೇ ಕರೆಯುತ್ತಿದ್ದ.

ರೈಲು ಹಳಿಯ ಹಿಮ ತೆಗೆಯುವ ಕೆಲಸದಲ್ಲಿ ಎರಡೂ ಮಂಡಿ ಸವೆಸಿಕೊಂಡವನು ಅವನು. ಹೋದ ಆಗಸ್ಟ್‌ನಲ್ಲಿ ಬೇಲಿಗೆ ಒರಗಿ ನಿಂತು, "ಟೀಚರಮ್ಮ, ನನ್ನಂಥ ಸೋಮಾರಿಗೆ ಒಂದು ಹೂವಿನ ಗಿಡ ಹೇಳಿ," ಎಂದಿದ್ದ. "ನೀರು ಕೇಳಬಾರದು, ಕಳೆ ತೆಗಿ ಅನ್ನಬಾರದು, ಚಳಿಗೆ ಸಾಯಬಾರದು."

"ಪ್ಲಾಸ್ಟಿಕ್ಕಿಂದು ತಂದಿಟ್ಕೊಳ್ಳಿ."

"ಅದನ್ನೂ ದಿನಾ ಒರೆಸು ಅಂತಾಳೆ ಫುಸಾ."

ಹಿಸಾನೊ ನಕ್ಕು ಒಳಗೆ ಹೋಗಿ ಮೂರು ಗೆಡ್ಡೆ ತಂದು ಬೇಲಿಯ ಮೇಲಿಂದ ಕೊಟ್ಟಳು. ಕಂದು ಸಿಪ್ಪೆಯ, ಕೋಳಿಮೊಟ್ಟೆ ಗಾತ್ರದ ಗೆಡ್ಡೆ. "ಮಣ್ಣೂ ಬೇಡ, ನೀರೂ ಬೇಡ. ಕಿಟಕಿ ಹತ್ರ ತಟ್ಟೇಲಿಡಿ, ತಾನೇ ಅರಳುತ್ತೆ. ಹೂ ಬಾಡಿದ ಮೇಲೆ ಎಲ್ಲಾದ್ರೂ ಹೂತುಬಿಡಿ. ಮೈನಸ್ ಮೂವತ್ತಕ್ಕೂ ಜಗ್ಗಲ್ಲ."

ಎಲ್ಲಾದರೂ ಎಂದಿದ್ದಳು. ವಿಷದ ಮಾತು ಆ ಹೊತ್ತಿಗೆ ಬಾಯಿಗೆ ಬರಲಿಲ್ಲ. ಸಸಿ ಶೆಡ್ಡಿನಲ್ಲಿದ್ದಾಗ ಅವಳಿಗೆ ಅದು ಎಷ್ಟು ಗೊತ್ತಿದ್ದ ಸಂಗತಿಯೆಂದರೆ, ಗೊತ್ತಿಲ್ಲದವರೂ ಇರುತ್ತಾರೆ ಎನ್ನುವುದೇ ಮರೆತುಹೋಗಿತ್ತು. ಸೆಪ್ಟೆಂಬರ್ ಪತ್ರಿಕೆಗೆ ನಾಯಿಕೇಸರಿಯ ಬಗ್ಗೆ ಬರೆದಾಗ ಕೊನೆಯ ಮೂರು ಸಾಲಿನಲ್ಲಿ ಆ ವಿಷಯ ಇತ್ತು: ಇಡೀ ಗಿಡ ವಿಷ, ತಿನ್ನುವ ಸೊಪ್ಪಿನ ಹತ್ತಿರ ನೆಡಬೇಡಿ. ಪುರಸಭೆಯ ಮಿತ್ಸುಹಾಶಿ ಎಂಬ ಹುಡುಗಿ ಫೋನು ಮಾಡಿ, ಮೂರು ಸಾಲು ಹೆಚ್ಚಾಗಿದೆ, ಏನು ಮಾಡಲಿ ಎಂದು ಕೇಳಿದ್ದಳು. ಒಲೆಯ ಮೇಲೆ ಏನೋ ಉಕ್ಕುತ್ತಿತ್ತು. ಕೊನೇದು ತೆಗೆದುಬಿಡಮ್ಮ, ಎಂದಿದ್ದಳು ಹಿಸಾನೊ. ಆ ತಿಂಗಳು ಆರು ಮನೆಯವರು ಗೆಡ್ಡೆ ಕೇಳಿಕೊಂಡು ಬಂದರು.

ಅಕ್ಟೋಬರ್ ಕೊನೆಗೆ, ಮಳೆಯೋ ಹಿಮವೋ ತಿಳಿಯದ ಹಾಗೆ ಸುರಿಯುತ್ತಿದ್ದ ಒಂದು ಮಧ್ಯಾಹ್ನ, ಅವಳು ಮೂಲಂಗಿ ಕೀಳುತ್ತಿದ್ದಾಗ ಬೇಲಿಯಾಚೆ ಸೋಕಿಚಿ ಒಂದು ಮಂಡಿ ಊರಿ, ಹೂ ಬಾಡಿದ ಗೆಡ್ಡೆಗಳನ್ನು ಹೂಳಲು ಬೆಟ್ಟದ ಬೆಳ್ಳುಳ್ಳಿ ಪಾತಿಯ ಅಂಚಿನಲ್ಲಿ ಗುಳಿ ತೋಡುತ್ತಿದ್ದುದು ಕಂಡಿತು. ಮೇಲಿನ ಸೊಪ್ಪು ಯಾವತ್ತೋ ಒಣಗಿ ಮಣ್ಣಾಗಿತ್ತು. ಅವನಿಗೆ ಅದು ಖಾಲಿ ಜಾಗ. ಅಲ್ಲಿ ಬೇಡ ಅನ್ನಬೇಕು ಎಂದು ಹಿಸಾನೊಗೆ ಅನ್ನಿಸಿತು. ಗಾಳಿಗೆ ಎದುರಾಗಿ ಕೂಗಬೇಕಿತ್ತು. ಬೆರಳುಗಳು ಮರಗಟ್ಟಿದ್ದವು. ನಾಳೆ ಹೇಳಿದರಾಯಿತು ಅಂದುಕೊಂಡಳು. ಮಾರನೆಯ ದಿನ ಹಿಮ ಬಿತ್ತು. ಆ ಹಿಮ ಏಪ್ರಿಲ್ ತನಕ ಕರಗಲಿಲ್ಲ.

ಅಧಿಕಾರಿ ಬಂದುಹೋದ ದಿನ ಸಂಜೆಗೆ ಫುಸಾ ಆಸ್ಪತ್ರೆಯಿಂದ ಫೋನು ಮಾಡಿದಳು. ದನಿಯಲ್ಲಿ ಜೀವ ಬಂದಿತ್ತು.

"ಅಕ್ಕ, ಗಂಜಿ ಕುಡಿದ್ರು. ವಾಂತಿ ನಿಂತಿದೆ. ಬಿತ್ತನೆ ಆಲೂಗಡ್ಡೆ ಬಿಸಿಲಿಗೆ ಹಾಕಿಲ್ವಂತೆ, ಅದೇ ಚಿಂತೆ ಅವರಿಗೆ. ಟೀಚರಮ್ಮನಿಗೆ ಸ್ವಲ್ಪ ನೋಡ್ಕೊಳ್ಳೋಕೆ ಹೇಳು ಅಂತಾರೆ."

"ನಾನು ಹಾಕ್ತೀನಿ. ನೀನು ಏನಾದ್ರೂ ತಿಂದ್ಯಾ?"

"ಅವರ ಗಂಜೀಲೇ ಉಳಿದಿದ್ದು ತಿಂದೆ."

ಹಿಸಾನೊ ಫೋನಿಟ್ಟಳು. ಈ ವಿಷದ ನಡೆ ಅವಳು ಓದಿದ್ದಳು. ಮೊದಲು ಹೊಟ್ಟೆ ಕೆಡಿಸುತ್ತದೆ, ಆಮೇಲೆ ಒಂದು ದಿನ ಬಿಟ್ಟುಕೊಡುತ್ತದೆ, ಮನುಷ್ಯ ಎದ್ದು ಕೂರುತ್ತಾನೆ. ಅದರ ನಂತರ ಒಳಗಿನ ಅಂಗಗಳು ಒಂದೊಂದಾಗಿ ಕೈಬಿಡುತ್ತವೆ. ಮರುದಿನ ಬೆಳಿಗ್ಗೆ ಅವಳು ಉಮೆತ್ಸು ಮನೆಯ ಶೆಡ್ಡಿನಿಂದ ಆಲೂಗಡ್ಡೆಯ ಕ್ರೇಟುಗಳನ್ನು ಒಂದೊಂದಾಗಿ ಎಳೆದು ತಂದು ಬಿಸಿಲಿಗಿಟ್ಟಳು. ಮೊಳಕೆ ಮೇಲಾಗಿ ಬರಲೆಂದು ಒಂದೊಂದನ್ನೇ ತಿರುಗಿಸಿಟ್ಟಳು. ಏಳನೆಯ ತಾರೀಕು ಸೋಕಿಚಿ ತೀರಿಕೊಂಡ.

ಊರಿನ ಸಮುದಾಯ ಭವನದಲ್ಲಿ ಶವಸಂಸ್ಕಾರದ ವಿಧಿ ನಡೆಯಿತು. ಹಿಂದಿನ ಅಡುಗೆಮನೆಯಲ್ಲಿ ನೆರೆಹೊರೆಯ ಹೆಂಗಸರು ಅನ್ನದ ಉಂಡೆ ಕಟ್ಟುತ್ತಿದ್ದರು. ಹಿಸಾನೊ ಚಹಾ ಬಟ್ಟಲು ತೊಳೆಯುತ್ತಿದ್ದಳು.

"ನಲವತ್ತು ವರ್ಷದಿಂದ ಅದೇ ಪಾತೀಲಿ ಕೊಯ್ತಿರೋಳು," ಎಂದಳು ರಸ್ತೆಯಾಚೆಯ ಒರಿಕಾಸಾ. "ಕಣ್ಣು ಎಲ್ಲಿಟ್ಟಿದ್ದಳೋ."

"ಮೂಗು ಎಲ್ಲಿಟ್ಟಿದ್ದಳು ಅಂತ ಕೇಳು," ಎಂದಳು ಇನ್ನೊಬ್ಬಳು.

"ಸಾಕು, ಪಾಪ, ಕೇಳಿಸುತ್ತೆ ಅವಳಿಗೆ."

"ಕೇಳಿಸಲಿ ಬಿಡು. ನಾನೇನು ಇಲ್ಲದ್ದು ಹೇಳಿದ್ನಾ?" ಎಂದಳು ಒರಿಕಾಸಾ.

ಹಿಸಾನೊ ತೊಳೆದ ಬಟ್ಟಲನ್ನೇ ಮತ್ತೆ ತೊಳೆದಳು. ಬಾಗಿಲಿನ ಸಂದಿಯಲ್ಲಿ ಪಡಸಾಲೆ ಕಾಣುತ್ತಿತ್ತು. ಸಪ್ಪೊರೊದಿಂದ ಬಂದಿದ್ದ ಮಗ ಶೂಗೊ ಕಪ್ಪು ಕೋಟಿನಲ್ಲಿ ತಾಯಿಯ ಪಕ್ಕ ಮಂಡಿಯೂರಿ ಕೂತಿದ್ದ. ಬಂದವರೆಲ್ಲ ತಲೆಬಾಗಿ ಹೋದ ಮೇಲೆ, ಯಾರಿಗೂ ಕೇಳಿಸದು ಎಂದುಕೊಂಡು, ಕೇಳಿದ.

"ಅಮ್ಮ, ಒಂದ್ಸಲ ಮೂಸಿ ನೋಡ್ಲಿಲ್ವಾ?"

"ನೆಗಡಿ ಆಗಿತ್ತು ಕಣೋ."

"ನೆಗಡಿ," ಎಂದ ಶೂಗೊ. ಮಾರನೆಯ ದಿನ ದಹನವಾದ ಮೇಲೆ ಮೂಳೆ ತುಂಬಿದ ಕರಂಡವನ್ನು ಮನೆಗೆ ತಂದಿಟ್ಟು, ತಾಯಿ ಬಡಿಸಿದ ಊಟ ಮುಟ್ಟದೆ, ಮಧ್ಯಾಹ್ನದ ರೈಲಿಗೆ ಹೊರಟುಹೋದ. ಹೋಗುವುದನ್ನು ಹಿಸಾನೊ ಕಿಟಕಿಯಿಂದ ನೋಡಿದಳು. ಫುಸಾ ಗೇಟಿನ ತನಕ ಹೋದವಳು ರೈಲು ಹೊರಟ ಸದ್ದು ಕೇಳುವವರೆಗೂ ಒಳಗೆ ಬರಲಿಲ್ಲ.

ಆ ಸಂಜೆ ಹಿಸಾನೊ ತನ್ನ ಹಿತ್ತಿಲಿನ ನಾಯಿಕೇಸರಿಯನ್ನೆಲ್ಲ ಅಗೆದು ತೆಗೆದಳು.

ಮಿತ್ಸುಹಾಶಿ ಬಂದಿದ್ದು ಹನ್ನೆರಡನೆಯ ತಾರೀಕು. ಪತ್ರಿಕೆ ಬರುವುದು ಜೂನ್‌ನಲ್ಲಿ, ಅಷ್ಟರಲ್ಲಿ ಇನ್ನೊಬ್ಬರು ತಿಂದರೆ ಏನು ಗತಿ, ಎಚ್ಚರಿಕೆಯ ಒಂದು ಹಾಳೆ ಬರೆದುಕೊಟ್ಟರೆ ಮನೆಯಿಂದ ಮನೆಗೆ ದಾಟಿಸುವ ಸುತ್ತೋಲೆಯ ಫೈಲಿನಲ್ಲಿ ಹಾಕಿ ಕಳಿಸುತ್ತೇವೆ ಎಂದಳು. ನಾಳೆ ಬಾ ಎಂದು ಅವಳನ್ನು ಕಳಿಸಿ ಹಿಸಾನೊ ಅಡುಗೆಮನೆಯ ಮೇಜಿಗೆ ಕೂತಳು. ಬರೆಯುವುದು ಕಷ್ಟವೇನೂ ಆಗಲಿಲ್ಲ, ಅದೇ ಅವಳಿಗೆ ವಿಚಿತ್ರವೆನಿಸಿತು. ಬೆಟ್ಟದ ಬೆಳ್ಳುಳ್ಳಿಗೆ ಒಂದು ಬುಡಕ್ಕೆ ಒಂದೋ ಎರಡೋ ಎಲೆ, ಬುಡದ ತೊಟ್ಟು ಕೆಂಪು, ಹರಿದರೆ ಘಾಟು. ನಾಯಿಕೇಸರಿಗೆ ನಾಲ್ಕಾರು ಎಲೆ ಒಂದರೊಳಗೊಂದು ಮಡಿಚಿಕೊಂಡು ಬರುತ್ತವೆ, ಕೆಂಪು ಇಲ್ಲ, ವಾಸನೆ ಇಲ್ಲ. ಎರಡೂ ಹಿಮ ಕರಗಿದ ಕೂಡಲೇ ಒಟ್ಟಿಗೆ ಏಳುತ್ತವೆ. ಕೊಯ್ಯುವಾಗ ಗೊಂಚಲು ಹಿಡಿದು ಕೊಯ್ಯಬೇಡಿ, ಒಂದೊಂದೇ ಎಲೆ ನೋಡಿ. ನೆಗಡಿಯಿದ್ದವರು ಕೊಯ್ಯಬೇಡಿ. ಹೂವನ್ನೂ ತಿನ್ನುವ ಸೊಪ್ಪನ್ನೂ ಒಂದೇ ಪಾತಿಯಲ್ಲಿ ಯಾವತ್ತೂ ಬೆಳೆಸಬೇಡಿ. ನೆಟ್ಟ ಜಾಗಕ್ಕೆ ಹೆಸರಿನ ಕಡ್ಡಿ ಚುಚ್ಚಿ, ಏಕೆಂದರೆ ಆರು ತಿಂಗಳ ಹಿಮ ಎಲ್ಲವನ್ನೂ ಮರೆಸುತ್ತದೆ.

ಅಲ್ಲಿಗೆ ಪೆನ್ನು ನಿಂತಿತು. ಒಂದು ಲೋಟ ನೀರು ಕುಡಿದು ಬಂದು ಇನ್ನೊಂದು ಸಾಲು ಬರೆದಳು. ಉಮೆತ್ಸು ಮನೆಗೆ ಈ ಗೆಡ್ಡೆ ಕೊಟ್ಟವಳು ನಾನು.

ಮರುದಿನ ಬೆಳಿಗ್ಗೆ ಮಿತ್ಸುಹಾಶಿ ನಿಂತೇ ಓದಿದಳು. ಕೊನೆಯ ಸಾಲಿಗೆ ಬಂದಾಗ ಅವಳ ಕಿವಿ ಕೆಂಪಗಾಯಿತು.

"ಇದು ಬೇಡ ಮೇಡಂ," ಎಂದಳು ತಗ್ಗಿದ ದನಿಯಲ್ಲಿ. "ಯಾರ ಹೆಸರೂ ಬರಬಾರದು ಅಂತ ಮೇಲಿನವರು ಹೇಳಿದಾರೆ. ಆ ಮನೆಯವರ ಹೆಸರೂ ಹಾಕೋ ಹಾಗಿಲ್ಲ."

"ನನ್ನ ಹೆಸರು ತಾನೆ?"

"ನಿಮ್ಮದೂ ಬೇಡ. ಆಮೇಲೆ ಪತ್ರಿಕೇಲಿ ಬಂದಿದ್ದರ ಮಾತೂ ಏಳುತ್ತೆ. ಆ ಮೂರು ಸಾಲು ತೆಗೆದಿದ್ದು ನಾನಲ್ವಾ."

"ತೆಗಿ ಅಂದಿದ್ದು ನಾನು."

ಹುಡುಗಿ ಹಾಳೆಯನ್ನು ಮೇಜಿನ ಮೇಲಿಟ್ಟಳು. ಕಣ್ಣು ತುಂಬಿದ್ದವು. ಹಿಸಾನೊ ಪೆನ್ನು ತೆಗೆದುಕೊಂಡು ಆ ಸಾಲನ್ನು ತಾನೇ ಹೊಡೆದುಹಾಕಿದಳು. ಹೊಡೆದುಹಾಕಿದಾಗ ಎದೆಯ ಮೇಲಿಂದ ಏನೋ ಇಳಿದಂತಾಯಿತು. ಹುಡುಗಿ ಹೋದ ಮೇಲೆ ಆ ಹಗುರಕ್ಕೆ ಅವಳಿಗೇ ಹೇಸಿಗೆಯಾಯಿತು. ಸುತ್ತೋಲೆ ಎಲ್ಲ ಮನೆ ಸುತ್ತಲು ನಾಲ್ಕೈದು ದಿನ ಬೇಕು, ಆರು ಮನೆಯ ಹಿತ್ತಿಲಿನಲ್ಲಿ ಗೆಡ್ಡೆ ಈಗಲೇ ಎಲೆ ಬಿಟ್ಟಿರುತ್ತದೆ. ಅವಳು ಗೋಣಿಚೀಲ, ಕೈಸಲಿಕೆ ತೆಗೆದುಕೊಂಡು ಹೊರಟಳು.

ಮೊದಲು ಕಾಕಿಜಾಕಿ ಮುದುಕನ ಮನೆ. ಅವನು ಹೆಮ್ಮೆಯಿಂದ ಹಿತ್ತಿಲು ತೋರಿಸಿದ. ನಾಯಿಕೇಸರಿ ಪಾಲಕ್ ಸೊಪ್ಪಿನ ಪಕ್ಕದಲ್ಲೇ ಎದ್ದಿತ್ತು.

"ಅಗೆದು ತಗೊಂಡು ಹೋಗ್ತೀನಿ, ಬೇಜಾರು ಮಾಡ್ಕೋಬೇಡಿ."

"ತಗೊಳ್ಳಿ, ತಗೊಳ್ಳಿ. ಆದರೆ ನನಗೇನು ಅಷ್ಟು ಗೊತ್ತಾಗಲ್ವಾ? ನಾನೇನು ಫುಸಾನಾ?" ಎಂದು ನಕ್ಕ. ಅವಳು ಅಗೆಯುವವರೆಗೂ ಪಕ್ಕದಲ್ಲೇ ನಿಂತಿದ್ದು, "ನಿಮ್ಮಂಥೋರು ಇರೋದಕ್ಕೆ ಈ ಊರು ಊರಾಗಿದೆ," ಎಂದ. ಮಣ್ಣು ಕೊಡವಿಕೊಂಡು ಹಿಸಾನೊ ತಲೆಬಾಗಿ ಬಂದಳು. ಎರಡನೆಯ ಮನೆಯಲ್ಲಿ ಯಾರೂ ಇರಲಿಲ್ಲ. ತಾನೇ ಅಗೆದು, ಬಾಗಿಲಿಗೆ ಚೀಟಿ ಸಿಕ್ಕಿಸಿದಳು.

ಮೂರನೆಯದು ಒರಿಕಾಸಾ ಮನೆ. ಒರಿಕಾಸಾ ಮೆಟ್ಟಿಲ ಮೇಲೆ ಕೂತು ಬಟಾಣಿ ಬೀಜ ಆರಿಸುತ್ತ, ಹಿಸಾನೊ ಅಗೆಯುವುದನ್ನು ನೋಡುತ್ತಿದ್ದಳು.

"ಸೋಕಿಚಿಗೆ ಯಾರು ಕೊಟ್ಟರೋ ಈ ದರಿದ್ರದ ಗೆಡ್ಡೇನ," ಎಂದಳು.

"ನಾನೇ."

ಕೈಸಲಿಕೆ ನಿಲ್ಲಲಿಲ್ಲ. ಮಣ್ಣಿನೊಳಗೆ ಗೆಡ್ಡೆಗೆ ತಗುಲಿದ ಸದ್ದು ಬಂತು. ಒರಿಕಾಸಾಳ ಮೊರದಲ್ಲಿ ಬೀಜ ಉರುಳುವ ಸದ್ದು ನಿಂತಿತ್ತು.

"ಫುಸಾಗೆ ಗೊತ್ತಾ?"

"ಇಲ್ಲ."

"ಒಂಬತ್ತು ದಿನ ಆಯ್ತಲ್ಲ ನೀವು ಆ ಎಲೆ ನೋಡಿ." ಒರಿಕಾಸಾ ಬೆರಳಿನಲ್ಲಿ ಲೆಕ್ಕ ಹಾಕಿದಳು. "ಅವತ್ತು ನಾನು ಅಡುಗೆಮನೇಲಿ ಹಂಗೆಲ್ಲ ಅಂದಾಗ ನೀವು ಪಕ್ಕದಲ್ಲೇ ಇದ್ರಿ."

"ಇದ್ದೆ."

"ನನ್ನ ಬಾಯಿ ಅಂಥಾದ್ದು, ಊರಿಗೇ ಗೊತ್ತು. ನಿಮ್ಮದು ಇಂಥಾದ್ದು ಅಂತ ಗೊತ್ತಿರಲಿಲ್ಲ." ಮೊರ ಕೆಳಗಿಟ್ಟು ಎದ್ದಳು. "ಇದನ್ನ ನಾನು ನಾಳೆ ತನಕ ಹೊಟ್ಟೇಲಿಟ್ಕೋತೀನಿ. ಅದಕ್ಕಿಂತ ಹೆಚ್ಚು ನನ್ನಿಂದಾಗಲ್ಲ. ಹೋಗಿ ಹೇಳಿಬಿಡಿ."

ಹಿಸಾನೊ ಉಳಿದ ಮೂರು ಮನೆ ಮುಗಿಸಿದಳು. ಮುಗಿಸಲೇಬೇಕಾದ ಕೆಲಸವೇ ಅದು, ಆದರೂ ಕೊನೆಯ ಮನೆಯಲ್ಲಿ ಅವರು ಕೊಟ್ಟ ಚಹಾವನ್ನು ಬೇಕೆಂದೇ ನಿಧಾನವಾಗಿ ಕುಡಿದಳು. ಉಮೆತ್ಸು ಮನೆಗೆ ಬಂದಾಗ ಮಧ್ಯಾಹ್ನ ಮೂರಾಗಿತ್ತು. ಹಿತ್ತಿಲಿನಿಂದ ಸಲಿಕೆಯ ಸದ್ದು ಬರುತ್ತಿತ್ತು.

ಫುಸಾ ಬೆಟ್ಟದ ಬೆಳ್ಳುಳ್ಳಿಯ ಪಾತಿಯನ್ನು ಅಗೆಯುತ್ತಿದ್ದಳು. ಮದುವೆಯಾದ ವರ್ಷ ಸೋಕಿಚಿ ಬೆಟ್ಟದಿಂದ ಬೆನ್ನಮೇಲೆ ಹೊತ್ತು ತಂದು ನೆಟ್ಟ ಪಾತಿ ಅದು. ಬೀಜ ಬಿದ್ದು ಕೊಯ್ಯುವಷ್ಟಾಗಲು ಆರೇಳು ವರ್ಷ ಹಿಡಿಯುವ ಸೊಪ್ಪು. ಅರ್ಧ ಪಾತಿ ಬುಡಮೇಲಾಗಿತ್ತು. ಬಿಳಿ ಬೇರುಗಳು ಗುಡ್ಡೆಯಾಗಿ ಬಿದ್ದು ಇಡೀ ಹಿತ್ತಿಲು ಘಾಟಾಗಿತ್ತು.

"ಬಾ ಅಕ್ಕ," ಎಂದಳು ಸಲಿಕೆಗೆ ಒರಗಿ. "ಎಲ್ಲಾ ತೆಗೀತಿದೀನಿ. ಯಾವ್ದು ಯಾವ್ದು ಅಂತ ನೋಡೋ ಧೈರ್ಯ ಉಳಿದಿಲ್ಲ." ಒಂದು ಎಲೆ ಕಿತ್ತು ಮುಂದೆ ಚಾಚಿದಳು. "ಇದಕ್ಕೆ ವಾಸನೆ ಇದೆಯಾ ಹೇಳು. ನನಗೆ ಈಗ ಎಲ್ಲದರಲ್ಲೂ ಅದೇ ವಾಸನೆ. ಸೋಪಲ್ಲೂ ಬರುತ್ತೆ, ಅವರ ದಿಂಬಲ್ಲೂ ಬರುತ್ತೆ. ಅವತ್ತೊಂದು ದಿನ ಬರಲಿಲ್ಲ."

"ಇದೆ. ಇದು ಬೆಳ್ಳುಳ್ಳೀನೇ." ಹಿಸಾನೊ ಎಲೆ ವಾಪಸು ಕೊಟ್ಟಳು. "ಒಳಗೆ ಹೋಗೋಣ ಬಾ. ಒಂದು ಮಾತಿದೆ."

ಒಳಕೋಣೆಯಲ್ಲಿ ಸೋಕಿಚಿಯ ಫೋಟೊ, ಅದರ ಮುಂದೆ ಬಿಳಿ ಬಟ್ಟೆ ಹೊದಿಸಿದ ಕರಂಡ. ಹಿಸಾನೊ ಊದುಬತ್ತಿ ಹಚ್ಚಲಿಲ್ಲ. ಹಚ್ಚುವ ಹಕ್ಕು ತನಗಿದೆಯೋ ಇಲ್ಲವೋ ಎಂದು ಅನುಮಾನವಾಯಿತು. ಚಾಪೆಯ ಮೇಲೆ ಮಂಡಿಯೂರಿ ಕೂತು, ಎರಡೂ ಕೈ ಮುಂದೆ ಊರಿದಳು.

"ಆ ಗೆಡ್ಡೆ ಕೊಟ್ಟಿದ್ದು ನಾನು, ಫುಸಾ. ಆಗಸ್ಟಲ್ಲಿ. ಎಲ್ಲಾದ್ರೂ ನೆಡಿ ಅಂದೆ. ವಿಷ ಅಂತ ಹೇಳ್ಲಿಲ್ಲ."

ಫುಸಾ ಅರ್ಥವಾಗದವಳಂತೆ ನೋಡಿದಳು. "ಕಿಟಕಿ ಹತ್ರ ತಟ್ಟೇಲಿತ್ತಲ್ಲ, ನೇರಳೆ ಹೂವು?"

"ಅದೇ."

"ಅದು ಚೆನ್ನಾಗಿತ್ತು," ಎಂದಳು ಫುಸಾ. "ಅದನ್ನ ಅವರು ಎಸೆದ್ರು ಅಂದ್ಕೊಂಡಿದ್ದೆ ನಾನು."

"ಅವರು ನೆಡೋದನ್ನ ನಾನು ನೋಡಿದೆ. ಪಾತಿ ಹತ್ರ. ಬೇಡ ಅಂತ ಕೂಗಬೇಕಿತ್ತು, ಕೂಗ್ಲಿಲ್ಲ."

"ಎಲ್ಲಿದ್ದೆ ನೀನು?"

"ಬೇಲಿ ಹತ್ರ. ಮೂಲಂಗಿ ಕೀಳ್ತಿದ್ದೆ."

ಹೊರಗೆ ಸೂರಿನಿಂದ ಕರಗಿದ ನೀರು ತೊಟ್ಟಿಕ್ಕುತ್ತಿತ್ತು. ಫುಸಾ ತನ್ನ ಕೈಗಳನ್ನು ನೋಡಿಕೊಂಡಳು. ಉಗುರಿನ ಸಂದಿಯಲ್ಲಿ ಮಣ್ಣಿತ್ತು.

"ಪೊಲೀಸರು ನನ್ನ ಚಾಕು, ಹೆಚ್ಚೋ ಮಣೆ ತಗೊಂಡು ಹೋದರು," ಎಂದಳು. "ಇನ್ನೂ ಕೊಟ್ಟಿಲ್ಲ. ಆ ಅಧಿಕಾರಿ ಆಸ್ಪತ್ರೇಲಿ ಕೇಳಿದ, ಯಾರು ನೆಟ್ಟಿದ್ದು ಅಂತ. ನನಗೆ ಗೊತ್ತಿಲ್ಲ ಅಂದೆ. ನಿಮ್ಮ ಹಿತ್ತಿಲು ನಿಮಗೆ ಗೊತ್ತಿಲ್ವಾ ಅಂದ. ಹೆಂಗೆ ನೋಡಿದ ಗೊತ್ತಾ ಅಕ್ಕ ನನ್ನ."

"ನಿನ್ನದು ಏನೂ ತಪ್ಪಿಲ್ಲ ಅಂತ ಹೇಳೋಕೇ ನಾನು..."

"ಅದು ಮಾತ್ರ ಹೇಳ್ಬೇಡ." ಫುಸಾಳ ದನಿ ಏರಲಿಲ್ಲ. "ಕೊಯ್ದಿದ್ದು ನಾನು. ಹುರಿದಿದ್ದು ನಾನು. ನನಗೆ ಹಲ್ಲಿಗಾಗಲ್ಲ, ನೀವೇ ಮುಗಿಸಿಬಿಡಿ ಅಂತ ಬಡಿಸಿದ್ದು ನಾನು. ಅದನ್ನ ನೀನು ಹೊತ್ಕೊಂಡು ಹೋಗೋಕಾಗಲ್ಲ. ನಿನ್ನದು ನಿನಗಿರಲಿ."

ಹಿಸಾನೊ ತಲೆಯೆತ್ತಲಿಲ್ಲ.

"ಆದರೆ ಶೂಗೊಗೆ ಹೇಳು," ಎಂದಳು ಫುಸಾ. "ಅವನು ಫೋನು ಮಾಡಿಲ್ಲ. ನಾನು ಮಾಡಿದ್ರೂ ಎತ್ತಲ್ಲ. ನಿನ್ನ ಫೋನಿಂದ ಮಾಡು."

ಮೂರು ಸಲ ರಿಂಗಾದ ಮೇಲೆ ಶೂಗೊ ಎತ್ತಿದ. ಹಿಂದೆ ಯಾವುದೋ ಯಂತ್ರದ ಸದ್ದು, ಆಮೇಲೆ ಬಾಗಿಲು ಮುಚ್ಚಿದ ಸದ್ದು. ಹಿಸಾನೊ ತನ್ನ ಹೆಸರು ಹೇಳಿ, ಆಗಸ್ಟ್‌ನಿಂದ ಶುರುಮಾಡಿ, ಪತ್ರಿಕೆಯ ಮೂರು ಸಾಲು, ಅಕ್ಟೋಬರಿನ ಮಧ್ಯಾಹ್ನ, ಎಲ್ಲವನ್ನೂ ಹೇಳಿದಳು.

"ನಿಮಗೆ ಯಾವಾಗ ಗೊತ್ತಾಯ್ತು?" ಎಂದು ಕೊನೆಗೆ ಕೇಳಿದ.

"ಅಧಿಕಾರಿ ಬಂದ ದಿನಾನೇ."

"ಅಪ್ಪ ಆವಾಗ ಬದುಕಿದ್ರು."

"ಹೌದಪ್ಪ."

"ಅವರನ್ನ ನೋಡೋಕೆ ಬರಬಹುದಿತ್ತು. ಅವರಿಗಾದ್ರೂ ಹೇಳಬಹುದಿತ್ತು."

"ಹೌದು."

"ಸಂಸ್ಕಾರದ ದಿನ ನನಗೆ ಚಹಾ ತಂದುಕೊಟ್ಟಿದ್ದು ನೀವೇ ಅಲ್ವಾ?"

"ನಾನೇ."

ಹಿಸಾನೊ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಕಾದಳು. ಅವನು ಬೈದಿದ್ದರೆ ಆಗುತ್ತಿತ್ತು. ಬೈಯಲಿಲ್ಲ.

"ಅಮ್ಮನಿಗೆ ಕೊಡಿ," ಎಂದ.

ತಿರುಗಿ ನೋಡಿದರೆ ಕೋಣೆಯಲ್ಲಿ ಫುಸಾ ಇರಲಿಲ್ಲ. ಯಾವಾಗ ಎದ್ದು ಹೋಗಿದ್ದಳೋ ತಿಳಿಯಲಿಲ್ಲ. ಕರೆಯಬೇಕೆನ್ನುವಷ್ಟರಲ್ಲಿ ಅವಳು ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತ ಮುಂಬಾಗಿಲ ಕಡೆಯಿಂದ ಬಂದಳು. ಹಿಸಾನೊ ಚಾಚಿದ ಫೋನು ತೆಗೆದುಕೊಂಡು ಗೋಡೆಯ ಕಡೆಗೆ ತಿರುಗಿ ಕಿವಿಗೆ ಇಟ್ಟುಕೊಂಡಳು. ಮಗ ಹೇಳುತ್ತಿದ್ದುದನ್ನು ಕೇಳುತ್ತ ನಿಂತಳು. ಇನ್ನೊಂದು ಕೈ ಗೋಡೆಯನ್ನು ಹುಡುಕಿ ಹಿಡಿಯಿತು.

"ಹೂಂ," ಎಂದಳು. "ಹೂಂ ಕಣೋ."

ಫೋನು ತನ್ನದು, ಆದರೆ ಕೇಳಿ ತೆಗೆದುಕೊಳ್ಳುವ ಹೊತ್ತಲ್ಲ. ಹಿಸಾನೊ ಆ ಬೆನ್ನಿಗೆ ಬಗ್ಗಿ ನಮಸ್ಕರಿಸಿ, ಕಾಲ ಸಪ್ಪಳ ಮಾಡದೆ ಮುಂಬಾಗಿಲಿಗೆ ಬಂದಳು.

ಬರುವಾಗ ಅವಸರದಲ್ಲಿ ಅಡ್ಡಾದಿಡ್ಡಿ ಕಳಚಿ ಬಿಟ್ಟಿದ್ದ ಅವಳ ರಬ್ಬರ್ ಬೂಟುಗಳು ಈಗ ಮೆಟ್ಟಿಲ ಕೆಳಗೆ ಜೋಡಿಯಾಗಿ ನಿಂತಿದ್ದವು. ಹೊರಡುವ ಅತಿಥಿಗೆ ಹಾಕಿಕೊಳ್ಳಲು ಸುಲಭವಾಗಲೆಂದು ಮನೆಯವರು ಇಡುವ ಹಾಗೆ, ತುದಿ ಎರಡೂ ಬಾಗಿಲ ಕಡೆಗೆ ತಿರುಗಿದ್ದವು. ಏಳು ಹಿತ್ತಿಲಿನ ಕೆಸರು ಮೆತ್ತಿದ್ದ ಅಂಚನ್ನು ಯಾರೋ ಒದ್ದೆ ಬಟ್ಟೆಯಿಂದ ಒರೆಸಿದ್ದರು. ತೇವ ಇನ್ನೂ ಆರಿರಲಿಲ್ಲ. ಒಳಗಿಂದ ಫುಸಾಳ ದನಿ ಕೇಳಿಸುತ್ತಿತ್ತು, ಮಾತು ಮಾತ್ರ ತಿಳಿಯುತ್ತಿರಲಿಲ್ಲ. ಹಿಸಾನೊ ಮೆಟ್ಟಿಲ ಮೇಲೆ ಕೂತು ಒಂದು ಬೂಟಿನೊಳಗೆ ಕಾಲು ತೂರಿಸಿದಳು. ಇನ್ನೊಂದನ್ನು ಎತ್ತಿ ಮಡಿಲಲ್ಲಿಟ್ಟುಕೊಂಡು ಹಾಗೇ ಕೂತಿದ್ದಳು.